ಮೇಜಿನ ಮುಂದೆ ಕೂತವರು ಯಾರು?

ನಮ್ಮಲ್ಲಿ ಕಾವ್ಯದ ಮೇಲೆ ವಿಮರ್ಶೆ ಬರುತ್ತದೆ, ಕಾದಂಬರಿಯ ಮೇಲೆ ಬರುತ್ತದೆ. ಅವನ್ನೆಲ್ಲ ಯಾವ ಮೇಜಿನ ಮೇಲೆ ಕಾಗದ ಹರಡಿಕೊಂಡು ಬರೆದರೋ ಆ ಮೇಜಿನ ಬಗ್ಗೆ ಮಾತ್ರ ಯಾರೂ ಮಾತಾಡುವುದಿಲ್ಲ. ನಾಲ್ಕು ಕಾಲು, ಒಂದು ಹಲಗೆ, ಇದರಲ್ಲಿ ವಿಮರ್ಶೆ ಮಾಡೋಕೆ ಏನಿದೆ ಅಂತ ಕೇಳಬಹುದು. ತಾಲ್ಲೂಕು ಕಚೇರಿಗೆ ಅರ್ಜಿ ಹಿಡಿದುಕೊಂಡು ಹೋದವರು ಹಾಗೆ ಕೇಳುವುದಿಲ್ಲ. ಮೇಜಿನ ಆ ಕಡೆ ಕೂತವರು ಯಾರು, ಈ ಕಡೆ ಕೈಕಟ್ಟಿ ನಿಂತವರು ಯಾರು, ಬಾಗಿಲಾಚೆ ಸ್ಟೂಲಿನ ಮೇಲೆ ಕಾದಿರುವವರು ಯಾರು ಅನ್ನೋದು ಅವರಿಗೆ ಗೊತ್ತು.

ಯುರೋಪು, ಅಮೆರಿಕದ ಉಳ್ಳವರು ಈಗ 1940ರಿಂದ 1960ರ ದಶಕದವರೆಗಿನ ಹಳೆಯ ಮೇಜುಗಳನ್ನು ಹುಡುಕಿ ಹುಡುಕಿ ಕೊಳ್ಳುತ್ತಾರೆ. ಆ ಶೈಲಿಗೆ ಮಿಡ್‌ಸೆಂಚುರಿ ಮಾಡರ್ನ್ ಅಂತ ಹೆಸರು. ಶತಮಾನದ ನಡುಗಾಲದ ಆಧುನಿಕ ಶೈಲಿ ಎಂದರ್ಥ. ಈ ಹೆಸರು ಎಲ್ಲರ ಬಾಯಿಗೆ ಬಂದದ್ದು 1984ರಲ್ಲಿ, ಕಾರಾ ಗ್ರೀನ್‌ಬರ್ಗ್ ಬರೆದ ಪುಸ್ತಕದಿಂದ. ಅಂದರೆ ಸಾಮಾನು ಹಳತಾಗಿ ಮೂಲೆ ಸೇರಿದ ಮೇಲೆ ನಾಮಕರಣ ಆಯಿತು. ಈ ಮೇಜುಗಳನ್ನು ಹೊಗಳುವವರು ಮೂರು ಮಾತು ಹೇಳುತ್ತಾರೆ: ಹಗುರ, ಸರಳ, ಪ್ರಾಮಾಣಿಕ. ಕೆತ್ತನೆಯಿಲ್ಲ, ಚಿನ್ನದ ಲೇಪವಿಲ್ಲ, ದೊರೆತನದ ಡೌಲಿಲ್ಲ. ಒಪ್ಪೋಣ. ಆದರೆ ಮೇಜು ಸರಳವಾದ ಮಾತ್ರಕ್ಕೆ ಅದರ ಸುತ್ತಲಿನ ಸಂಬಂಧಗಳು ಸರಳವಾದವೇ? ಈ ಪ್ರಶ್ನೆ ಇಟ್ಟುಕೊಂಡು ಮೇಜಿನ ಚರಿತ್ರೆ ನೋಡಬೇಕು.

ಫ್ರೆಂಚಿನಲ್ಲಿ ಬ್ಯೂರ್ ಅಂದರೆ ಒರಟು ಉಣ್ಣೆ ಬಟ್ಟೆ, ನಮ್ಮ ಕಂಬಳಿ ಇದ್ದ ಹಾಗೆ. ಬರೆಯುವಾಗ ಅದನ್ನು ಹಲಗೆಯ ಮೇಲೆ ಹಾಸುತ್ತಿದ್ದರು. ಬಟ್ಟೆಯ ಹೆಸರು ಮೇಜಿಗೆ ಬಂತು, ಮೇಜಿನ ಹೆಸರು ಅದಿರುವ ಕೋಣೆಗೆ, ಕೋಣೆಯ ಹೆಸರು ಇಡೀ ಕಚೇರಿಗೆ. 18ನೇ ಶತಮಾನದಲ್ಲಿ ಅದಕ್ಕೆ ಆಳ್ವಿಕೆ ಅನ್ನುವ ಅರ್ಥದ ಬಾಲ ಸೇರಿ ಬ್ಯೂರೋಕ್ರಸಿ ಆಯಿತು. ನಾವು ನೌಕರಶಾಹಿ ಅನ್ನುತ್ತೇವಲ್ಲ, ಅದರ ಮೂಲದ ಅರ್ಥ ಮೇಜಿನ ಆಳ್ವಿಕೆ. ಕುರಿಯ ಉಣ್ಣೆಯಿಂದ ಹೊರಟ ಮಾತು ಎಲ್ಲಿಗೆ ಬಂತು ನೋಡಿ.

ಅದೇ ಶತಮಾನದಲ್ಲಿ ಹದಿನೈದನೇ ಲೂಯಿ ದೊರೆಗಾಗಿ ಒಂದು ಮೇಜು ಆಯಿತು. 1760ರಲ್ಲಿ ಓಬೆನ್ ಎಂಬ ಕುಶಲಕರ್ಮಿ ಶುರು ಮಾಡಿದ. ಅವನು ತೀರಿಕೊಂಡ ಮೇಲೆ ರೀಸ್ನರ್ 1769ರಲ್ಲಿ ಮುಗಿಸಿದ. ಅದರ ಮುಚ್ಚಳ ಉರುಳಿಕೊಂಡು ಬಂದು ಇಡೀ ಮೇಜನ್ನು ಮುಚ್ಚುತ್ತದೆ. ದೊರೆ ಬೀಗದ ಕೈ ತಿರುವಿದರೆ ರಾಜ್ಯದ ಗುಟ್ಟೆಲ್ಲ ಒಳಗೆ ಭದ್ರ. ಮುಗಿಸಿದವನ ಹೆಸರು ಮರದ ಮೇಲೇ ಬರೆದಿದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ದೊರೆಗಳ ನಂತರ ವ್ಯಾಪಾರಿಗಳು ಬಂದರು. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ವೂಟನ್ ಎಂಬಾತ 1874ರಲ್ಲಿ ಒಂದು ಮೇಜಿಗೆ ಪೇಟೆಂಟ್ ಪಡೆದ. ಕಪಾಟಿನ ಹಾಗೆ ಎರಡು ಕಡೆ ಬಾಗಿಲು ತೆರೆಯುತ್ತದೆ, ಒಳಗೆ ನೂರಕ್ಕೂ ಹೆಚ್ಚು ಗೂಡುಗಳು. ಇಡೀ ವ್ಯಾಪಾರ ಒಬ್ಬ ಯಜಮಾನನ ಕೈಯಳತೆಯಲ್ಲಿ ಇರುತ್ತಿತ್ತು. ಆಮೇಲೆ ಟೈಪ್‌ರೈಟರ್ ಬಂತು, ಕಾರ್ಬನ್ ಕಾಗದ ಬಂತು, ಕಡತದ ಬೀರು ಬಂತು. ಕಾಗದ ಗೂಡಿನಲ್ಲಿ ಹಿಡಿಸದಷ್ಟಾಯಿತು, ಗುಮಾಸ್ತರು ಸಾಲು ಸಾಲಾದರು.

1911ರಲ್ಲಿ ಟೇಲರ್ ಕಾರ್ಖಾನೆಯ ದುಡಿಮೆಯನ್ನು ಗಡಿಯಾರ ಹಿಡಿದು ಅಳೆಯುವ ವಿದ್ಯೆಯನ್ನು ಪುಸ್ತಕ ಮಾಡಿದ. 1917ರಲ್ಲಿ ಲೆಫಿಂಗ್‌ವೆಲ್ ಅದನ್ನು ಕಚೇರಿಯೊಳಕ್ಕೆ ತಂದ. ಮುಚ್ಚಳದ ಮೇಜಿಗೆ ಆಗ ಕಾಲ ಮುಗಿಯಿತು. ಗುಮಾಸ್ತನ ಮೇಜಿಗೆ ಗೂಡಿದ್ದರೆ ಅವನು ಕೆಲಸ ಬಚ್ಚಿಡುತ್ತಾನೆ ಅನ್ನುವ ಅನುಮಾನ. ಹಲಗೆ ಬೋಳಾಯಿತು, ಮೇಲ್ವಿಚಾರಕನ ಕಣ್ಣಿಗೆ ಎಲ್ಲ ಕಾಣುವಂತಾಯಿತು. ಇವತ್ತು ಯಾವುದನ್ನು ಸರಳತೆ ಅಂತ ಮೆಚ್ಚುತ್ತೇವೋ ಅದರ ಒಂದು ಬೇರು ಈ ಕಾವಲಿನಲ್ಲಿದೆ. ದೊರೆಯ ಮೇಜಿಗೆ ಮುಚ್ಚಳ ಇತ್ತು, ಗುಮಾಸ್ತನದಕ್ಕೆ ಇರಲಿಲ್ಲ.

ಎರಡನೇ ಮಹಾಯುದ್ಧ ಮುಗಿದ ಮೇಲೆ ನಾವು ಹೇಳುತ್ತಿರುವ ಶೈಲಿ ಬಂತು. ಅದರಲ್ಲಿ ಒಳ್ಳೆಯದಿಲ್ಲ ಅಂದರೆ ಸುಳ್ಳಾಗುತ್ತದೆ. ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಪ್ಲೈವುಡ್ಡು, ಉಕ್ಕಿನ ಪಟ್ಟಿ, ಬಣ್ಣದ ಹಲಗೆ ಸೇರಿಸಿ ಮೇಜು ಮಾಡಿದರು. ಜೋಡಣೆ ಹೇಗಾಗಿದೆ ಅನ್ನೋದನ್ನು ಮುಚ್ಚಿಡಲಿಲ್ಲ. ಜಾರ್ಜ್ ನೆಲ್ಸನ್ 1958ರಲ್ಲಿ ಬಾಗಿಸಿದ ಉಕ್ಕಿನ ಕೊಳವೆಯ ಕಾಲಿಟ್ಟು ಮೇಜು ಮಾಡಿದ. ಬಿಚ್ಚಿ ಸಾಗಿಸಬಹುದು, ಮತ್ತೆ ಜೋಡಿಸಬಹುದು. ದೊಡ್ಡಮನೆಯ ಭಾರದ ಸಾಮಾನನ್ನು ಹೊತ್ತು ಬೆನ್ನು ಬಾಗಿದವರಿಗೆ ಹಗುರದ ಬೆಲೆ ಗೊತ್ತು. ಆದರೆ ಮುಂದಿನ ಕತೆ ಕೇಳಿ. 1964ರಲ್ಲಿ ರಾಬರ್ಟ್ ಪ್ರಾಪ್ಸ್ಟ್ ಮತ್ತು ನೆಲ್ಸನ್ ಸೇರಿ, ದುಡಿಯುವವನು ನಿಂತು ಕೂತು ಓಡಾಡುತ್ತ ಕೆಲಸ ಮಾಡಲಿ ಅಂತ ಆ್ಯಕ್ಷನ್ ಆಫೀಸ್ ಎಂಬ ಮೇಜಿನ ವ್ಯವಸ್ಥೆ ತಂದರು. ಅದು ದುಬಾರಿಯಾಯಿತು. 1968ರಲ್ಲಿ ಅಡ್ಡಗೋಡೆಗಳ ಎರಡನೇ ರೂಪ ಬಂತು. ಅದನ್ನು ಕಂಪನಿಗಳು ಹಿಂಡಿ, ಚಿಕ್ಕದು ಮಾಡಿ, ಮೂರು ಗೋಡೆಯ ಗೂಡು ಮಾಡಿದವು. ಪ್ರಾಪ್ಸ್ಟ್ ತಾನೇ ಕೊನೆಗೆ ಅದನ್ನು ಕಂಡು ಬೇಸರಪಟ್ಟ. ಬೆಂಗಳೂರಿನ ಕಂಪ್ಯೂಟರ್ ಕಂಪನಿಗಳಲ್ಲಿ ದುಡಿದ ನಮ್ಮ ಹುಡುಗ ಹುಡುಗಿಯರಿಗೆ ಆ ಗೂಡು ಗೊತ್ತು. ವಿನ್ಯಾಸಕನ ಆಸೆ ಒಂದು, ದುಡ್ಡು ಹಾಕುವವನ ಲೆಕ್ಕ ಇನ್ನೊಂದು.

ಈಮ್ಸ್ ದಂಪತಿ 1958ರಲ್ಲಿ ಭಾರತಕ್ಕೂ ಬಂದಿದ್ದರು. ಸರ್ಕಾರ ಕರೆಸಿತ್ತು. ದೇಶ ಸುತ್ತಿ ಒಂದು ವರದಿ ಕೊಟ್ಟರು. ಅದರಲ್ಲಿ ನಮ್ಮ ಚೊಂಬನ್ನು ಮನಸಾರೆ ಹೊಗಳಿದ್ದಾರೆ. ಚೊಂಬು ಮಾಡುವಾಗ ಏನೇನು ಯೋಚಿಸಬೇಕು ಅಂತ ಉದ್ದದ ಪಟ್ಟಿ ಕೊಟ್ಟಿದ್ದಾರೆ: ಎಷ್ಟು ನೀರು ಹಿಡಿಯಬೇಕು, ತಲೆಯ ಮೇಲೋ ಸೊಂಟದಲ್ಲೋ, ತೂಕ ಹೇಗೆ ನಿಲ್ಲಬೇಕು, ಕೈಗೆ ಹೇಗೆ ಸಿಗಬೇಕು. ಒಳ್ಳೆಯ ಪಟ್ಟಿ. ಆದರೆ ಈ ದೇಶದಲ್ಲಿ ಚೊಂಬಿನ ಬಗ್ಗೆ ಕೇಳಲೇಬೇಕಾದ ಪ್ರಶ್ನೆ ಅದರಲ್ಲಿಲ್ಲ: ಇದನ್ನು ಮುಟ್ಟುವ ಹಕ್ಕು ಯಾರಿಗಿದೆ? ಹೊರಗಿನಿಂದ ಬಂದವರಿಗೆ ಅದು ಕಾಣಲಿಲ್ಲ ಅನ್ನಬಹುದು. ಜೊತೆಗಿದ್ದ ನಮ್ಮವರು ಹೇಳಲೂ ಇಲ್ಲ.

ಮೇಜಿಗೂ ಇದೇ ಪ್ರಶ್ನೆ. ಬಾಬಾಸಾಹೇಬರು ತಮ್ಮ ಬಾಲ್ಯದ ಶಾಲೆಯ ಬಗ್ಗೆ ಬರೆದಿದ್ದಾರೆ. ತರಗತಿಯ ಮೂಲೆಯಲ್ಲಿ ಬೇರೆ ಕೂರಬೇಕು, ಕೂರಲು ಒಂದು ಗೋಣಿತಟ್ಟು. ಶಾಲೆ ಗುಡಿಸುವ ಆಳು ಅದನ್ನು ಮುಟ್ಟುವುದಿಲ್ಲ. ಸಂಜೆ ಮನೆಗೆ ಒಯ್ಯಬೇಕು, ಬೆಳಿಗ್ಗೆ ಮತ್ತೆ ತರಬೇಕು. ಬರೆಯುವವನು ಎಲ್ಲಿ ಕೂರಬೇಕು ಅನ್ನೋದರ ಚರಿತ್ರೆ ಬರೆಯುವಾಗ ವರ್ಸೇಲ್ಸ್ ಅರಮನೆಯ ಮೇಜಿಗೆ ಒಂದು ಅಧ್ಯಾಯ ಇದ್ದರೆ ಈ ಗೋಣಿತಟ್ಟಿಗೂ ಒಂದು ಅಧ್ಯಾಯ ಇರಬೇಕು. ಇದೂ ವಿನ್ಯಾಸವೇ. ಯಾರನ್ನು ಎಷ್ಟು ದೂರ, ಎಷ್ಟು ಕೆಳಗೆ ಇಡಬೇಕು ಅಂತ ಲೆಕ್ಕ ಹಾಕಿದ ವಿನ್ಯಾಸ.

ಇನ್ನು ಚಂಡೀಗಢದ ಮೇಜಿಗೆ ಬರೋಣ. 1947ರ ವಿಭಜನೆಯಲ್ಲಿ ಲಾಹೋರ್ ಪಾಕಿಸ್ತಾನಕ್ಕೆ ಹೋಯಿತು. ಈ ಕಡೆಯ ಪಂಜಾಬಿಗೆ ರಾಜಧಾನಿ ಬೇಕಾಯಿತು. ಹಳ್ಳಿಗಳನ್ನು ಎಬ್ಬಿಸಿ ಆ ನೆಲದ ಮೇಲೆ ಹೊಸ ನಗರ ಕಟ್ಟಿದರು. 1951ರಲ್ಲಿ ಲ ಕಾರ್ಬೂಸಿಯೆ ಬಂದ, ಅವನ ಸಂಬಂಧಿ ಪಿಯರ್ ಜಾನರೆ ಬಂದ. ಲ ಕಾರ್ಬೂಸಿಯೆ ಬಂದು ಹೋಗಿ ಮಾಡಿದ. ಜಾನರೆ 1965ರವರೆಗೆ ಅಲ್ಲೇ ಇದ್ದ. 1967ರಲ್ಲಿ ತೀರಿಕೊಂಡ ಮೇಲೆ, ಅವನ ಇಚ್ಛೆಯಂತೆ ಚಿತಾಭಸ್ಮವನ್ನು ಚಂಡೀಗಢದ ಸುಖ್ನಾ ಕೆರೆಯಲ್ಲಿ ಬಿಟ್ಟರು. ಅವನ ಪ್ರೀತಿಯನ್ನು ಅನುಮಾನಿಸುವ ಕಾರಣವಿಲ್ಲ.

ಕಚೇರಿ, ನ್ಯಾಯಾಲಯ, ಕಾಲೇಜು, ಗ್ರಂಥಾಲಯ ಎಲ್ಲಕ್ಕೂ ಸಾವಿರಾರು ಮೇಜು ಕುರ್ಚಿ ಬೇಕಿತ್ತು. ಜಾನರೆಯ ತಂಡ ನಕ್ಷೆ ಬರೆಯಿತು. ಅದರಲ್ಲಿ ಯೂಲಿ ಚೌಧುರಿಯಂಥ ಭಾರತೀಯ ವಾಸ್ತುಶಿಲ್ಪಿಗಳೂ ಇದ್ದರು. ತೇಗ, ಶೀಶಂ ಮರ, ಹೆಣೆದ ಬೆತ್ತ, ಕೈವಾರ ಬಿಡಿಸಿಟ್ಟ ಹಾಗಿನ ಕಾಲು. ಮಾಡಿದವರು ಸ್ಥಳೀಯ ಬಡಗಿಗಳು, ಬೆತ್ತ ಹೆಣೆಯುವವರು. ಮುರಿದರೆ ಊರಿನ ಬಡಗಿಯೇ ರಿಪೇರಿ ಮಾಡಬಹುದಾದ ಸಾಮಾನು. ಯಾರೂ ಕದಿಯದಿರಲಿ ಅಂತ ಇಲಾಖೆಯ ಹೆಸರು, ನಂಬರನ್ನು ಬಣ್ಣದಲ್ಲಿ ಬರೆದರು. ಇದು ಜನರ ದುಡ್ಡಿನಲ್ಲಿ ಜನರ ಕಚೇರಿಗೆ ಆದ ಮೇಜು.

ಕಾಲ ಕಳೆಯಿತು. ಸಾಹೇಬರಿಗೆ ಹೊಳೆಯುವ ಹೊಸ ಟೇಬಲ್ಲು ಬೇಕಾಯಿತು. ಹಳೆಯದನ್ನು ಟೆರೇಸಿನ ಮೇಲೆ ಬಿಸಾಕಿದರು, ಗುಜರಿ ಲೆಕ್ಕದಲ್ಲಿ ಹರಾಜು ಹಾಕಿದರು. 1990ರ ದಶಕದ ಕೊನೆಯಿಂದ ಯುರೋಪಿನ ವ್ಯಾಪಾರಿಗಳು ಬಂದು ಕೊಂಡುಕೊಂಡು ಹೋದರು. ಪಾಲಿಶ್ ಮಾಡಿ ಪ್ಯಾರಿಸ್, ಲಂಡನ್, ನ್ಯೂಯಾರ್ಕಿನ ಹರಾಜಿನಲ್ಲಿಟ್ಟರೆ ಲಕ್ಷಾಂತರ ರೂಪಾಯಿ. ಕದಿಯದಿರಲಿ ಅಂತ ಬರೆದ ಆ ಇಲಾಖೆಯ ನಂಬರೇ ಈಗ ಅಸಲಿ ಮಾಲು ಅನ್ನೋದಕ್ಕೆ ಸಾಕ್ಷಿ! ಏಮಿ ಸೀಗಲ್ ಎಂಬ ಅಮೆರಿಕದ ಕಲಾವಿದೆ 2013ರಲ್ಲಿ ಇದರ ಮೇಲೆ ಪ್ರಾವನೆನ್ಸ್ ಎಂಬ ಚಿತ್ರ ಮಾಡಿದಳು. ಅದು ಕತೆಯನ್ನು ಹಿಂದುಮುಂದಾಗಿ ಹೇಳುತ್ತದೆ. ಮೊದಲು ಶ್ರೀಮಂತರ ಮನೆ, ಆಮೇಲೆ ಹರಾಜು, ದುರಸ್ತಿ, ಹಡಗು, ಕೊನೆಗೆ ಚಂಡೀಗಢ.

2011ರಲ್ಲಿ ಕೇಂದ್ರ ಗೃಹ ಇಲಾಖೆ ಈ ಪಾರಂಪರಿಕ ಸಾಮಾನು ಮಾರಬಾರದು ಅಂತ ಆದೇಶ ಹೊರಡಿಸಿತು. 2016ರಲ್ಲಿ ಅಲ್ಲಿನ ಕ್ಯಾಪಿಟಲ್ ಕಟ್ಟಡಗಳು ಯುನೆಸ್ಕೋ ಪಟ್ಟಿ ಸೇರಿದವು. ಆಗಬೇಕಾದ್ದೇ. ಆದರೆ ನಮ್ಮ ಪತ್ರಿಕೆಗಳು ಇದನ್ನು ಬಿಳಿಯರ ಲೂಟಿ ಅಂತ ಮಾತ್ರ ಬರೆದರೆ ಅರ್ಧ ಸತ್ಯ. ಹರಾಜಿಗೆ ಸಹಿ ಹಾಕಿದವರು ನಮ್ಮದೇ ಅಧಿಕಾರಿಗಳು. ಕೈಕೆಲಸದವನು ಮಾಡಿದ್ದಕ್ಕೆ ಬೆಲೆಯಿಲ್ಲ ಅನ್ನುವ ತಾತ್ಸಾರ ಅವರು ಹೊಸದಾಗಿ ಕಲಿತದ್ದಲ್ಲ. ಆ ತಾತ್ಸಾರ ಈ ನೆಲದಲ್ಲಿ ಬಹಳ ಹಳೆಯದು. ಅತ್ತ ಹರಾಜಿನ ಪುಸ್ತಕದಲ್ಲಿ ದೊಡ್ಡಕ್ಷರದಲ್ಲಿ ಇರುವುದು ಜಾನರೆಯ ಹೆಸರು. ರೀಸ್ನರ್‌ಗೆ 1769ರಲ್ಲಿ ದೊರೆಯ ಮೇಜಿನ ಮೇಲೆ ಸಿಕ್ಕಿದ ಜಾಗ ಪಂಜಾಬಿನ ಬಡಗಿಗೆ ಗಣರಾಜ್ಯದ ಮೇಜಿನ ಮೇಲೆ ಸಿಗಲಿಲ್ಲ. ಅಲ್ಲಿ ಇಲಾಖೆಯ ಹೆಸರಿದೆ, ನಂಬರಿದೆ, ಅವನಿಲ್ಲ.

ಮೇಜನ್ನು ದೂರಿ ಪ್ರಯೋಜನವಿಲ್ಲ. ಚಂಡೀಗಢದ ಮೇಜು ನಿಜಕ್ಕೂ ಚೆಂದ, ಗಟ್ಟಿ, ನಮ್ಮ ಕೈಗಳ ಕೆಲಸ. ಅದರ ಚೆಂದವನ್ನು ಹರಾಜಿನವರ ಅಭಿರುಚಿಗೆ ಬಿಟ್ಟುಕೊಡಬಾರದು ಅನ್ನೋದೇ ನನ್ನ ವಾದ. ಮರ, ಕಾಲು, ಬಣ್ಣ ಅಂತ ಅವರು ಪಟ್ಟಿ ಮಾಡಲಿ. ನಮ್ಮ ವಿಮರ್ಶೆ ಆ ಪಟ್ಟಿಗೆ ಇನ್ನು ಮೂರು ಪ್ರಶ್ನೆ ಸೇರಿಸಬೇಕು: ಇದನ್ನು ಮಾಡಿದವರು ಯಾರು, ಇದರ ಮುಂದೆ ಕೂತವರು ಯಾರು, ಇದನ್ನು ಮುಟ್ಟಬಾರದು ಅಂತ ಯಾರಿಗೆ ಹೇಳಿದ್ದರು.

ಇದನ್ನು ಓದುತ್ತಿರುವ ಮೇಷ್ಟ್ರುಗಳು ನಾಳೆ ಶಾಲೆಗೆ ಹೋದಾಗ ತಮ್ಮ ಮೇಜನ್ನೊಮ್ಮೆ ನೋಡಲಿ. ಅದನ್ನು ಮಾಡಿದ ಬಡಗಿ ಪಕ್ಕದ ಊರಿನಲ್ಲೇ ಇರಬಹುದು. ಅವನ ಹೆಸರು ಕೇಳಿ ಮಕ್ಕಳ ಕೈಲಿ ಬರೆಸಲಿ. ಹಾಗೇ ಹಿಂದಿನ ಮೂಲೆಯಲ್ಲಿ ನೆಲಕ್ಕೆ ಕೂತ ಹುಡುಗಿ ಇದ್ದರೆ ಅವಳನ್ನು ಕರೆದು ಆ ಮೇಜಿನ ಮುಂದೆ ಕೂರಿಸಿ ಬರೆಯೋಕೆ ಹೇಳಲಿ.