ಹಿಟ್ಟಿನ ಕೋಳಿಯ ಕೊಲೆ ಮೊಕದ್ದಮೆ

ಕನ್ನಡದಲ್ಲಿ ಕೊಲೆಯ ಬಗ್ಗೆ ಬಂದ ಅತ್ಯುತ್ತಮ ಪುಸ್ತಕ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಗೌರವದಿಂದಲೇ ಬದಿಗೆ ಕೂರಿಸಿ ಜನ್ನನ ‘ಯಶೋಧರ ಚರಿತೆ’ಯ ಹೆಸರು ಹೇಳುತ್ತೇನೆ. ಕೇಳಿದವರು ನಗುತ್ತಾರೆ. ಕಾಲೇಜಿನಲ್ಲಿ ಪರೀಕ್ಷೆಗೆಂದು ಉರು ಹೊಡೆದ ಕಾವ್ಯ, ಅಲ್ಲೆಲ್ಲಿಯ ಕೊಲೆ? ಒಂದಲ್ಲ, ಬೇಕಾದಷ್ಟಿವೆ. ಆದರೆ ಅಷ್ಟೂ ಕೊಲೆಗಳಲ್ಲಿ ಕವಿ ಅತಿ ಘೋರವೆಂದು ಎಣಿಸಿದ್ದು ಯಾರೂ ಸಾಯದ ಒಂದನ್ನು. ಅಲ್ಲಿ ಕತ್ತಿಗೆ ಸಿಕ್ಕಿದ್ದು ಹಿಟ್ಟಿನಿಂದ ಮಾಡಿದ ಕೋಳಿ.

ಮರೆತವರಿಗಾಗಿ ಕಥೆ. ಉಜ್ಜಯಿನಿಯ ಅರಸ ಯಶೋಧರ. ಅವನ ರಾಣಿ ಅಮೃತಮತಿ ಗಜಶಾಲೆಯಿಂದ ತೇಲಿಬಂದ ಹಾಡಿಗೆ ಮನಸೋಲುತ್ತಾಳೆ. ಹಾಡಿದವನು ಅಷ್ಟಾವಂಕನೆಂಬ ಕುರೂಪಿ ಮಾವಟಿಗ. ಒಂದು ರಾತ್ರಿ ಅರಸ ಹಿಂಬಾಲಿಸಿ ಹೋಗಿ ಇಬ್ಬರನ್ನೂ ಕಣ್ಣಾರೆ ನೋಡುತ್ತಾನೆ, ಕತ್ತಿ ಹಿರಿಯುತ್ತಾನೆ, ತಡೆದುಕೊಂಡು ಬಂದುಬಿಡುತ್ತಾನೆ. ಮಗನ ಮುಖ ಬಾಡಿದ್ದನ್ನು ಕಂಡ ತಾಯಿ ಚಂದ್ರಮತಿಗೆ ನಿಜ ಹೇಳಲಾಗದೆ ಕೆಟ್ಟ ಕನಸೊಂದನ್ನು ಕಟ್ಟಿ ಹೇಳುತ್ತಾನೆ. ಕನಸಿನ ದೋಷ ಹೋಗಬೇಕಾದರೆ ದೇವಿಗೆ ಬಲಿ ಕೊಡಬೇಕು ಎನ್ನುತ್ತಾಳೆ ತಾಯಿ. ಜೀವ ತೆಗೆಯಲಾರೆ ಎನ್ನುತ್ತಾನೆ ಮಗ. ಹಗ್ಗಜಗ್ಗಾಟದ ಕೊನೆಗೆ ರಾಜಿ: ನಿಜವಾದ ಕೋಳಿ ಬೇಡ, ಹಿಟ್ಟಿನದು ಸಾಕು. ಗುಡಿಯಲ್ಲಿ ಕತ್ತಿ ಬೀಳುತ್ತದೆ. ಹಿಟ್ಟಿನೊಳಗೆ ಹೊಕ್ಕು ಕೂತಿದ್ದ ಬೆಂತರವೊಂದು ಕೋಳಿಯಂತೆ ಕೂಗುತ್ತದೆ.

ಆ ಕೂಗು ನಮ್ಮ ಸಾಹಿತ್ಯದ ಅತ್ಯಂತ ಭಯಾನಕ ಸದ್ದುಗಳಲ್ಲಿ ಒಂದು. ಯಾವ ಪತ್ತೇದಾರಿ ಕಾದಂಬರಿಯ ಕಿರುಚಾಟವೂ ಅದರ ಹತ್ತಿರ ಬಾರದು. ಪ್ರಾಣವೇ ಇಲ್ಲದ್ದು ಪ್ರಾಣ ಹೋದಂತೆ ಕೂಗಿದರೆ ಕಡಿದವನ ಗತಿ ಏನು? ಮುಂದೆ ರಾಣಿ ಗಂಡನಿಗೂ ಅತ್ತೆಗೂ ವಿಷದೂಟ ಬಡಿಸುತ್ತಾಳೆ. ಅಲ್ಲಿಂದ ತಾಯಿ ಮಗ ಇಬ್ಬರೂ ನವಿಲು, ನಾಯಿ, ಹಾವು, ಮೀನು, ಮೊಸಳೆ, ಆಡು, ಕೋಣ ಎಂದು ಜನ್ಮದ ಮೇಲೆ ಜನ್ಮ ಹೊತ್ತು, ಪ್ರತಿ ಸಲವೂ ಕ್ರೂರವಾಗಿ ಸಾಯುತ್ತಾರೆ. ತಂದೆಯ ಸದ್ಗತಿಗೆಂದು ಮಗ ಮಾಡುವ ಶ್ರಾದ್ಧದಲ್ಲಿ ತಂದೆಯೇ ಅಡುಗೆಯಾಗುತ್ತಾನೆ. ಇಬ್ಬರನ್ನು ನಿಜವಾಗಿ ಕೊಂದ ರಾಣಿಯನ್ನು ಕವಿ ನರಕಕ್ಕೆ ಕಳಿಸಿ ಸುಮ್ಮನಾಗುತ್ತಾನೆ. ಹಿಟ್ಟು ಕಡಿದವರ ಬೆನ್ನು ಮಾತ್ರ ಬಿಡುವುದಿಲ್ಲ.

ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಜನ್ನ ಇದನ್ನು ಬರೆದದ್ದು 1209ರಲ್ಲಿ. ಕಥೆ ಅವನದಲ್ಲ, ಜೈನ ಕವಿಗಳು ಅದನ್ನು ಮತ್ತೆ ಮತ್ತೆ ಹೇಳಿದ್ದಾರೆ. ಸೋಮದೇವಸೂರಿ ‘ಯಶಸ್ತಿಲಕ’ವನ್ನು ಮುಗಿಸಿದ್ದು 959ರಲ್ಲಿ. ಅದೇ ಶತಮಾನದಲ್ಲಿ ಪುಷ್ಪದಂತ ನಮ್ಮ ಮಳಖೇಡದಲ್ಲಿ ಕೂತು ಇದೇ ಕಥೆಯನ್ನು ಅಪಭ್ರಂಶದಲ್ಲಿ ಬರೆದ. ಸೋಮದೇವನ ಒಂದು ಉದಾಹರಣೆಯನ್ನು ಕಾನೂನು ವಿದ್ಯಾರ್ಥಿಗಳಿಗೆ ಮೊದಲ ದಿನವೇ ಹೇಳಬೇಕು. ಬಲೆ ಬೀಸಿ ಕೂತ ಬೆಸ್ತನಿಗೆ ಒಂದು ಮೀನೂ ಸಿಗದಿದ್ದರೂ ಅವನು ಪಾಪಿ. ಉಳುವಾಗ ನೇಗಿಲಿಗೆ ಸಿಕ್ಕಿ ಹುಳುಹುಪ್ಪಟೆ ಸತ್ತರೂ ರೈತ ಪಾಪಿಯಲ್ಲ. ವ್ಯತ್ಯಾಸವಿರುವುದು ಎಷ್ಟು ಸತ್ತವು ಎಂಬ ಲೆಕ್ಕದಲ್ಲಲ್ಲ, ಮನಸ್ಸು ಏನನ್ನು ಬಯಸಿತ್ತು ಎಂಬುದರಲ್ಲಿ. (ಬೆಸ್ತರಿಗೆ ಇದರಿಂದ ಅನ್ಯಾಯವಾಯಿತು ಎಂಬ ತಕರಾರು ನನಗೂ ಇದೆ. ಹೊಟ್ಟೆಪಾಡಿನವನನ್ನು ಹಿಡಿದು ಮಾಡಿದ ಉದಾಹರಣೆ ಅದು.)

ಈಗ ಮೆಕಾಲೆಗೆ ಬರೋಣ. ಅವನ ಮುಂದಾಳುತನದಲ್ಲಿ 1837ರಲ್ಲಿ ಕರಡಾಗಿ, 1860ರಲ್ಲಿ ಕಾಯ್ದೆಯಾದ ಭಾರತೀಯ ದಂಡಸಂಹಿತೆಯನ್ನು ನಾನು ಕಥಾಸಂಕಲನದ ಹಾಗೆ ಓದುತ್ತೇನೆ. ಕಲಮುಗಳು ಒಣಕಲು, ಕೆಳಗಿನ ದೃಷ್ಟಾಂತಗಳಲ್ಲಿ ರಸವಿದೆ. ಒಬ್ಬ ಇನ್ನೊಬ್ಬನ ಜೇಬಿಗೆ ಕೈಹಾಕುತ್ತಾನೆ, ಜೇಬು ಖಾಲಿ. ಆದರೂ ಕಳ್ಳತನದ ಯತ್ನಕ್ಕೆ ಶಿಕ್ಷೆ ಉಂಟು ಎನ್ನುತ್ತಿತ್ತು 511ನೇ ಕಲಮು. ಸೋಮದೇವನ ಬರಿಗೈ ಬೆಸ್ತ ಕೋಟು ತೊಟ್ಟು ಬಂದಿದ್ದಾನೆ, ಅಷ್ಟೆ. ಇನ್ನೊಂದು ದೃಷ್ಟಾಂತ ವಿಷದ್ದು. ಕೊಲ್ಲಲೆಂದು ವಿಷ ಕೊಂಡು ಅಡುಗೆಯಲ್ಲಿ ಬೆರೆಸಿ ತನ್ನ ಬಳಿಯೇ ಇಟ್ಟುಕೊಂಡವನು ಕೊಲೆಯತ್ನದ ಅಪರಾಧಿಯಲ್ಲ. ಅದನ್ನು ಊಟದ ಮೇಜಿನ ಮೇಲಿಟ್ಟ ಕ್ಷಣಕ್ಕೆ ಅಪರಾಧಿ. ಅಡುಗೆಮನೆಗೂ ಮೇಜಿಗೂ ನಡುವೆ ಇರುವ ಆ ನಾಲ್ಕು ಹೆಜ್ಜೆಯಲ್ಲಿ ಮನುಷ್ಯ ಮನಸ್ಸು ಬದಲಿಸಬಹುದು ಎಂಬ ಭರವಸೆ ಕಾಯ್ದೆಗಿದೆ. 2024ರ ಜುಲೈ 1ರಿಂದ ದಂಡಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದರೂ ಕಲಮುಗಳ ಸಂಖ್ಯೆ ಬದಲಾಯಿತೇ ಹೊರತು ಈ ತಿರುಳು ಬದಲಾಗಲಿಲ್ಲ.

ಆಗದ ಕೆಲಸಕ್ಕೆ ಯತ್ನಿಸಿದವನನ್ನು ಏನು ಮಾಡಬೇಕೆಂಬುದು ಇಂಗ್ಲೆಂಡಿನ ನ್ಯಾಯಾಧೀಶರಿಗೆ ತೀರಾ ಈಚಿನವರೆಗೂ ತಲೆನೋವಾಗಿತ್ತು. ಖಾಲಿ ಜೇಬಿನಂಥ ಪ್ರಕರಣಗಳನ್ನು ಶಿಕ್ಷಿಸಲೆಂದೇ 1981ರಲ್ಲಿ ಕಾಯ್ದೆ ಮಾಡಿದರು. 1985ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನು ತಿರುಚಿ ಓದಿತು. ಮರುವರ್ಷವೇ ಹೆರಾಯಿನ್ ಎಂದು ನಂಬಿ ನಿರುಪದ್ರವಿ ಪುಡಿ ಸಾಗಿಸಿದವನೊಬ್ಬನ ಮೊಕದ್ದಮೆಯಲ್ಲಿ ತನ್ನ ಮಾತನ್ನು ತಾನೇ ನುಂಗಿಕೊಂಡು, ಅವನು ಅಪರಾಧಿಯೇ ಹೌದು ಎಂದಿತು. ನಮ್ಮ ಕವಿಗಳಿಗೆ ಈ ಗೊಂದಲ ಇರಲಿಲ್ಲ ಎಂದು ಬೀಗಬಹುದು. ಆದರೆ ಬೀಗುವ ಮೊದಲು ಯಶೋಧರನನ್ನು ಸರಿಯಾಗಿ ಕಟಕಟೆಗೆ ತಂದು ನಿಲ್ಲಿಸಬೇಕು.

ಜೇಬುಗಳ್ಳನಿಗೆ ಜೇಬು ಖಾಲಿಯೆಂದು ಗೊತ್ತಿರಲಿಲ್ಲ. ಪುಡಿ ಸಾಗಿಸಿದವನಿಗೆ ಅದು ಹೆರಾಯಿನ್ ಅಲ್ಲವೆಂದು ಗೊತ್ತಿರಲಿಲ್ಲ. ಯಶೋಧರನಿಗಾದರೋ ಅದು ಹಿಟ್ಟೆಂದು ಚೆನ್ನಾಗಿ ಗೊತ್ತಿತ್ತು. ಹಿಟ್ಟಾದ್ದರಿಂದಲೇ ಅವನು ಕತ್ತಿ ಎತ್ತಿದ. ಹಾಗಾದರೆ ಕೊಲ್ಲುವ ಉದ್ದೇಶ ಎಲ್ಲಿಂದ ಬಂತು?

ಇಲ್ಲಿ ನನಗೆ ನೆನಪಾಗುವುದು ಮದ್ರಾಸ್ ಹೈಕೋರ್ಟಿನ 1919ರ ಒಂದು ತೀರ್ಪು. ಒಬ್ಬ ಗಂಡ ಜಗಳದಲ್ಲಿ ಹೆಂಡತಿಯ ತಲೆಗೆ ನೇಗಿಲ ಗುಳದಿಂದ ಹೊಡೆದ. ಆಕೆ ಜ್ಞಾನತಪ್ಪಿ ಬಿದ್ದಳು. ಸತ್ತೇಹೋದಳೆಂದು ತಿಳಿದು, ಆತ್ಮಹತ್ಯೆಯಂತೆ ಕಾಣಲೆಂದು ತೊಲೆಗೆ ಹಗ್ಗ ಕಟ್ಟಿ ನೇತುಹಾಕಿದ. ಆಕೆ ಪ್ರಾಣಬಿಟ್ಟದ್ದು ಆ ನೇಣಿನಿಂದ. ಇದು ಕೊಲೆಯೇ? ನ್ಯಾಯಮೂರ್ತಿಗಳಲ್ಲೇ ಭಿನ್ನಮತ ಬಂದು ವಿಷಯ ಪೂರ್ಣಪೀಠಕ್ಕೆ ಹೋಯಿತು. ಹೊಡೆದಾಗ ಕೊಲ್ಲುವ ಉದ್ದೇಶ ರುಜುವಾತಾಗಲಿಲ್ಲ. ನೇತುಹಾಕಿದಾಗ ಅವನ ತಿಳಿವಳಿಕೆಯಲ್ಲಿ ಅದು ಹೆಣ. ಹೆಣವನ್ನು ಕೊಲ್ಲುವ ಉದ್ದೇಶ ಯಾರಿಗೂ ಇರಲಾರದು. ಆದ್ದರಿಂದ ಕೊಲೆಯಲ್ಲ ಎಂದಿತು ಪೀಠ. ತೀವ್ರ ಗಾಯ ಮಾಡಿದ್ದಕ್ಕಷ್ಟೇ ಶಿಕ್ಷೆಯಾಯಿತು. ಮುಂದೆ 1954ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್, ಸತ್ತನೆಂದು ತಿಳಿದು ಪ್ರಪಾತಕ್ಕೆ ಉರುಳಿಸಿದ ಬಸುಟೋಲ್ಯಾಂಡಿನ ಪ್ರಕರಣದಲ್ಲಿ ಕೊಲೆಯೇ ಸರಿ ಎಂದಿತು. ಅಲ್ಲಿ ಮೊದಲಿನಿಂದಲೂ ಕೊಲ್ಲುವ ಸಂಚಿತ್ತು. ಮದ್ರಾಸಿನ ತೀರ್ಪಿನಲ್ಲಿ ಸತ್ತ ಹೆಂಗಸಿಗೆ ನ್ಯಾಯ ಸಿಕ್ಕಿತೆಂದು ನನಗೆ ಇವತ್ತಿಗೂ ಅನಿಸಿಲ್ಲ. ಆದರೆ ವಾದದ ಕೊಂಡಿಯಲ್ಲಿ ಸಡಿಲು ಹುಡುಕಿದರೆ ಸಿಗುವುದಿಲ್ಲ.

ಆ ಪೀಠದ ಮುಂದೆ ಯಶೋಧರ ಬಂದಿದ್ದರೆ ಮಧ್ಯಾಹ್ನದೊಳಗೆ ಬಿಡುಗಡೆ. ಎದುರಿಗಿರುವುದು ನಿರ್ಜೀವವೆಂದು ಅವನು ನಂಬಿದ್ದ, ಅದು ನಿಜವಾಗಿಯೂ ನಿರ್ಜೀವವಾಗಿತ್ತು. ಜನ್ನನ ಕೋರ್ಟಿನಲ್ಲಿ ಹಾಗೆ ನಡೆಯದು. ಜೈನರು ಹಿಂಸೆಯನ್ನು ದ್ರವ್ಯಹಿಂಸೆ, ಭಾವಹಿಂಸೆ ಎಂದು ಬಿಡಿಸಿ ನೋಡುತ್ತಾರೆ. ಮೊದಲನೆಯದು ಮೈಗೆ ಆಗುವುದು, ಎರಡನೆಯದು ಮನಸ್ಸಿನಲ್ಲೇ ಆಗಿಹೋಗುವುದು. ಬಲಿಯೆಂದು ಸಂಕಲ್ಪ ಮಾಡಿ ಕತ್ತಿ ಎತ್ತಿದವನು ಎದುರಿಗಿರುವುದು ಹಿಟ್ಟು ಎಂದು ತಪ್ಪಿಸಿಕೊಳ್ಳಲಾರ. ಹಾಗಿದ್ದರೆ ಗಜಶಾಲೆಯಲ್ಲಿ ಹಿರಿದ ಕತ್ತಿಗೆ ಏಕೆ ಶಿಕ್ಷೆಯಿಲ್ಲ? ಅಲ್ಲಿ ನಿಜವಾದ ಕೋಪವಿತ್ತು, ಜೀವಂತ ಕುತ್ತಿಗೆಗಳಿದ್ದವು. ಕವಿ ಅದನ್ನು ಮೆಚ್ಚಿ ಬಿಟ್ಟುಬಿಡುತ್ತಾನೆ, ಏಕೆಂದರೆ ಕೈ ತಡೆಯಿತು. ಜನ್ನನೂ ಬರೀ ಯೋಚನೆಯನ್ನು ಶಿಕ್ಷಿಸುವವನಲ್ಲ. ಮೆಕಾಲೆಯಂತೆಯೇ ಅಡುಗೆಮನೆ ಮೇಜುಗಳ ನಡುವೆ ಗೆರೆ ಎಳೆಯುತ್ತಾನೆ. ಈ ಕಾವ್ಯದ ಬಗ್ಗೆ ಬಂದ ವಿಮರ್ಶೆಗಳಲ್ಲಿ ಅಷ್ಟಾವಂಕನ ಸುತ್ತ ಹರಿದ ಮಸಿಯಲ್ಲಿ ಕಾಲುಪಾಲು ಈ ಗೆರೆಯ ಸುತ್ತ ಹರಿದಿದ್ದರೆ ಚೆನ್ನಾಗಿತ್ತು.

ಶಿಕ್ಷೆ ಅತಿಯಾಯಿತೆಂದೇ ನನ್ನ ಮತ. ಹಿಟ್ಟಿನ ಬಲಿ ಎಂಬುದು ನಮ್ಮ ನಾಡಿನಲ್ಲಿ ಕೋಟ್ಯಂತರ ಪ್ರಾಣಿಗಳ ಜೀವ ಉಳಿಸಿದ ಉಪಾಯ. ಜನ್ನ ಪಾಪವೆಂದ ಅದೇ ಉಪಾಯವನ್ನು ಮಾಧ್ವ ಸಂಪ್ರದಾಯ ‘ಪಿಷ್ಟಪಶು’ವೆಂದು ಕರೆದು ಯಜ್ಞಕ್ಕೆ ಒಪ್ಪಿಕೊಂಡಿತು. 1959ರ ಪ್ರಾಣಿಬಲಿ ನಿಷೇಧ ಕಾಯ್ದೆ ಬಂದ ಮೇಲೂ ಕಣ್ಣುತಪ್ಪಿಸಿ ಬಲಿ ನಡೆಯುವ ಕಡೆ, ಕುಂಬಳಕಾಯಿಗೆ ಒಪ್ಪಿದ ಊರೇ ವಾಸಿ ಅಲ್ಲವೇ? ಆಯುಧಪೂಜೆಯ ದಿನ ಬೂದುಗುಂಬಳದ ತಲೆಯ ಮೇಲೆ ಚೌಕ ಕೊಯ್ದು, ಒಳಗೆ ಕುಂಕುಮ ಸುರಿದು, ಚಿಲ್ಲರೆ ಕಾಸು ಹಾಕಿ, ಬಸ್ಸಿನ ಮುಂದೆ ಎತ್ತಿ ಅಪ್ಪಳಿಸುವುದನ್ನು ನೋಡಿ. ಕೆಂಪು ತಿರುಳು ರಸ್ತೆ ತುಂಬ ಚೆಲ್ಲುತ್ತದೆ, ಮಕ್ಕಳು ಕಾಸಿಗೆ ಮುಗಿಬೀಳುತ್ತಾರೆ. ಆ ಡ್ರೈವರನ್ನು ಏಳು ಜನ್ಮ ಅಲೆಸಬೇಕೇ?

ಗಿರೀಶ ಕಾರ್ನಾಡರು 1980ರ ‘ಹಿಟ್ಟಿನ ಹುಂಜ’ದಲ್ಲಿ ಈ ಕಥೆಯನ್ನು ಕೈಗೆತ್ತಿಕೊಂಡಾಗ ಜನ್ಮಾಂತರದ ಸರಪಳಿಯನ್ನೇ ಕಳಚಿಟ್ಟರು. ಅರಸ, ರಾಣಿ, ಅತ್ತೆ, ಮಾವುತ, ಒಂದು ರಾತ್ರಿ, ಇಷ್ಟೇ ಸಾಕಾಯಿತು. ನಾಟಕ ಗಟ್ಟಿಯಾಯಿತು, ನಿಜ. ಆದರೆ ಜನ್ಮಗಳ ಜೊತೆಗೆ ಕಥೆಯ ಒಂದು ವಿಚಿತ್ರ ಸೊಗಸೂ ಹೋಯಿತು. ಅದು ಇರುವುದು ಕೊನೆಯ ಪ್ರಾಣಿಜನ್ಮದಲ್ಲಿ.

ಆ ಜನ್ಮದಲ್ಲಿ ತಾಯಿ ಮಗ ಇಬ್ಬರೂ ಕೋಳಿಗಳು. ಮುನಿಯೊಬ್ಬ ತಳವಾರನಿಗೆ ಧರ್ಮ ಹೇಳುವುದನ್ನು ಕೇಳಿ, ಹಳೆಯದೆಲ್ಲ ನೆನಪಾಗಿ, ವ್ರತ ಹಿಡಿದ ಸಂತೋಷಕ್ಕೆ ಜೋರಾಗಿ ಕೂಗುತ್ತವೆ. ಅತ್ತ ಯಶೋಧರನ ಮಗ ಯಶೋಮತಿ ತನ್ನ ರಾಣಿಗೆ ಶಬ್ದವೇಧಿಯ ಚಮತ್ಕಾರ ತೋರಿಸಲು ಕೂಗು ಬಂದ ದಿಕ್ಕಿಗೆ ಕಾಣದೆಯೇ ಬಾಣ ಬಿಡುತ್ತಾನೆ. ಅಪ್ಪನೂ ಅಜ್ಜಿಯೂ ಒಟ್ಟಿಗೆ ಸಾಯುತ್ತಾರೆ. ಮುಂದೆ ಅದೇ ರಾಣಿಯ ಹೊಟ್ಟೆಯಲ್ಲಿ ಅವಳಿಗಳಾಗಿ ಹುಟ್ಟುತ್ತಾರೆ.

ದಂಡಸಂಹಿತೆಯ 299ನೇ ಕಲಮಿನ ಮೂರನೇ ದೃಷ್ಟಾಂತ ತೆಗೆಯಿರಿ. ಹೊಸ ಸಂಹಿತೆಯಲ್ಲಿ ಅದು 100ನೆಯದರ ಕೆಳಗಿದೆ. ಒಬ್ಬ ಕೋಳಿ ಕದಿಯಲೆಂದು ಅದಕ್ಕೆ ಗುಂಡು ಹಾರಿಸುತ್ತಾನೆ. ಪೊದೆಯ ಹಿಂದೆ ತನಗೆ ಗೊತ್ತಿಲ್ಲದೆ ನಿಂತಿದ್ದ ಮನುಷ್ಯ ಸಾಯುತ್ತಾನೆ. ಮನುಷ್ಯನನ್ನು ಕೊಲ್ಲುವ ಉದ್ದೇಶವಿರಲಿಲ್ಲ, ಆದ್ದರಿಂದ ನರಹತ್ಯೆಯಲ್ಲ. ಯಶೋಮತಿಯದೂ ಇದೇ ಮೊಕದ್ದಮೆ. ಮನುಷ್ಯರು ಪೊದೆಯ ಹಿಂದಿರಲಿಲ್ಲ, ಕೋಳಿಗಳ ಒಳಗಿದ್ದರು. ಯಾವ ವಕೀಲನಾದರೂ ಅವನನ್ನು ಬಿಡಿಸಿ ತರುತ್ತಿದ್ದ. ಕೋಳಿ ಕದಿಯುವ ಇರಾದೆಯೂ ಅರಸನಿಗೆ ಇರಲಿಲ್ಲವಾದ್ದರಿಂದ ಸಣ್ಣ ದಂಡವೂ ಬೀಳುತ್ತಿರಲಿಲ್ಲ. ಸುದತ್ತಾಚಾರ್ಯನೆಂಬ ಮುನಿ ಹಳೆಯ ಜನ್ಮಗಳ ಕಡತ ಬಿಚ್ಚಿಟ್ಟಾಗ ಯಶೋಮತಿ ಒಂದು ವಾದವನ್ನೂ ಹೂಡದೆ ರಾಜ್ಯ ಬಿಟ್ಟು ದೀಕ್ಷೆ ತೆಗೆದುಕೊಂಡ.