‘ಕ್ಯಾನ್ಸರ್ ವಾರ್ಡ್’ ಕಾದಂಬರಿಯಲ್ಲಿ ಚೇತರಿಕೆಯ ಕಾಲಗಣನೆ

ಅಲೆಕ್ಸಾಂಡರ್ ಸೋಲ್ಜೆನಿತ್ಸಿನ್ನರ ‘ಕ್ಯಾನ್ಸರ್ ವಾರ್ಡ್’ ಕಾದಂಬರಿಯನ್ನು ಸ್ಟಾಲಿನ್ನನ ಮರಣಾನಂತರದ ಸೋವಿಯತ್ ದೇಶಕ್ಕೆ ಹಿಡಿದ ಕನ್ನಡಿಯೆಂದು ಓದುವ ವಾಡಿಕೆ ಉಂಟು. ಇದಕ್ಕೆ ಆಧಾರವಿಲ್ಲದೆ ಇಲ್ಲ. ಕಥೆ ನಡೆಯುವುದು 1955ರ ಆದಿಭಾಗದಲ್ಲಿ, ಮಧ್ಯ ಏಷ್ಯದ ಒಂದು ಆಸ್ಪತ್ರೆಯಲ್ಲಿ. ಸ್ಟಾಲಿನ್ ತೀರಿಕೊಂಡು ಎರಡು ವರ್ಷ ತುಂಬಿದ ದಿನದ ಪತ್ರಿಕೆಯಲ್ಲಿ ಶೋಕದ ಲಕ್ಷಣವೇ ಇಲ್ಲವೆಂದು ಅಧಿಕಾರಿ ರುಸಾನೊವ್ ಹಾಸಿಗೆಯಲ್ಲಿಯೇ ಕಳವಳಗೊಳ್ಳುತ್ತಾನೆ. ಹೀಗಿರುವಲ್ಲಿ, ಗೆಡ್ಡೆಯೆಂದರೆ ದಬ್ಬಾಳಿಕೆ, ವಾರ್ಡೆಂದರೆ ದೇಶ, ಚಿಕಿತ್ಸೆಯೆಂದರೆ ಸುಧಾರಣೆ ಎಂಬ ಸಮೀಕರಣ ಸುಲಭವಾಗಿ ಒದಗುತ್ತದೆ. ಈ ವ್ಯಾಖ್ಯಾನ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಅದು ಕೃತಿಯ ಮುಖ್ಯ ವಸ್ತುವನ್ನೇ ಬದಿಗೆ ಸರಿಸುತ್ತದೆಂಬುದು ನಮ್ಮ ಅಭಿಪ್ರಾಯ. ಆ ವಸ್ತುವೆಂದರೆ, ಮುಗಿಯಿತೆಂದು ಯಾರೂ ಹೇಳಲಾರದ ಚೇತರಿಕೆಯೊಡನೆ ಮನುಷ್ಯನು ಬಾಳುವ ಬಗೆ.

ಲೇಖಕರ ಜೀವನವೇ ಇದಕ್ಕೆ ಮೊದಲ ಸಾಕ್ಷ್ಯ. 1945ರಲ್ಲಿ ಬಂಧಿತರಾದ ಅವರಿಗೆ 1952ರಲ್ಲಿ ಸೆರೆಶಿಬಿರದಲ್ಲಿಯೇ ಗೆಡ್ಡೆಯ ಶಸ್ತ್ರಚಿಕಿತ್ಸೆಯಾಯಿತು. ಕಜಾಕಿಸ್ತಾನದಲ್ಲಿ ಗಡೀಪಾರು ಶಿಕ್ಷೆಯಲ್ಲಿದ್ದಾಗ ರೋಗ ಮರುಕಳಿಸಲು, 1954ರಲ್ಲಿ ತಾಷ್ಕೆಂಟಿನಲ್ಲಿ ಚಿಕಿತ್ಸೆ ಪಡೆದರು; ಆಮೇಲೆ 2008ರವರೆಗೆ ಬಾಳಿದರು. 1967ರಲ್ಲಿ ಲೇಖಕರ ಸಂಘದ ಕಾರ್ಯದರ್ಶಿಗಳ ಸಭೆಯಲ್ಲಿ ಕೃತಿಯ ಸಾಂಕೇತಿಕತೆಯ ಮಾತು ಬಂದಾಗ, ತಮ್ಮ ವಸ್ತು ಅಕ್ಷರಶಃ ಕ್ಯಾನ್ಸರೇ ಎಂದು ಅವರು ಉತ್ತರಿಸಿದರು. ಪ್ರಕಟನೆಯ ಅನುಮತಿಗಾಗಿ ಹೆಣಗುತ್ತಿದ್ದವರ ಈ ಉತ್ತರದಲ್ಲಿ ಆತ್ಮರಕ್ಷಣೆಯ ಅಂಶವೂ ಇದ್ದಿರಬಹುದು. ಕೃತಿ 1968ರಲ್ಲಿ ಅನ್ಯದೇಶಗಳಲ್ಲಿ ಅಚ್ಚಾಯಿತು. ಸ್ವದೇಶದಲ್ಲಿ 1990ರವರೆಗೆ ಕಾಯಬೇಕಾಯಿತು. ಆದರೂ ಆ ಉತ್ತರವನ್ನು ಬರಿಯ ನೆಪವೆಂದು ತಳ್ಳಿದರೆ, ಪುಸ್ತಕದ ಬಹುಭಾಗಕ್ಕೆ ಅರ್ಥವೇ ಉಳಿಯುವುದಿಲ್ಲ.

ಕಥಾನಾಯಕ ಕೋಸ್ತೋಗ್ಲೋತೊವನು ಸಾಯುವ ಸ್ಥಿತಿಯಲ್ಲಿ ಆಸ್ಪತ್ರೆಗೆ ಬಂದವನು. ಕ್ಷಕಿರಣ ಚಿಕಿತ್ಸೆಯಿಂದ ಅವನ ಗೆಡ್ಡೆ ಕುಗ್ಗುತ್ತದೆ. ಹಸಿವು, ನಿದ್ರೆ ಮರಳುತ್ತವೆ. ಸಾಮಾನ್ಯ ಕಾದಂಬರಿಕಾರನು ಇಲ್ಲಿಗೆ ಕಥೆಯನ್ನು ಮುಗಿಸಿಯಾನು. ಸೋಲ್ಜೆನಿತ್ಸಿನ್ನರ ಕಥೆ ಇಲ್ಲಿ ಬಿಗಿಗೊಳ್ಳುತ್ತದೆ. ತನಗೆ ಹಿತವೆನಿಸಿದೆ, ಇನ್ನು ಬಿಟ್ಟುಬಿಡಿ ಎಂದು ರೋಗಿ. ಹಿತವೆನಿಸುವುದೇ ಗುಣವಾದುದಕ್ಕೆ ಪ್ರಮಾಣವಲ್ಲ ಎಂದು ವೈದ್ಯೆ ದೊಂತ್ಸೋವಾ. ಇಬ್ಬರ ಮಾತಿನಲ್ಲಿಯೂ ನ್ಯಾಯವಿದೆ. ವೈದ್ಯೆಯ ಬಳಿ ಹಲವು ರೋಗಿಗಳ ಅನುಭವವಿದೆ. ರೋಗಿಯ ಬಳಿ ತನ್ನದೊಂದೇ ದೇಹವಿದೆ. ಇದಾದ ಮೇಲೆ ಹಾರ್ಮೋನು ಚುಚ್ಚುಮದ್ದಿನ ಪ್ರಸಂಗ ಬರುತ್ತದೆ. ಅದು ರೋಗವನ್ನು ತಡೆಯಬಹುದು, ಜೊತೆಗೆ ಪುರುಷತ್ವವನ್ನೂ ಕಸಿಯಬಹುದು. ಈ ಸಂಗತಿಯನ್ನು ಅವನಿಗೆ ವೈದ್ಯರು ತಾವಾಗಿ ಹೇಳುವುದಿಲ್ಲ. ದಾದಿ ಜೋಯಾಳಿಂದ ಅವನು ಅರಿತುಕೊಳ್ಳಬೇಕಾಗುತ್ತದೆ. ಬದುಕಿಗೆ ಎಷ್ಟು ಬೆಲೆ ತೆರಬಹುದು, ಆ ಬೆಲೆಯನ್ನು ಗೊತ್ತುಮಾಡುವವರು ಯಾರು ಎಂಬ ಅವನ ಪ್ರಶ್ನೆಗೆ ಕಾದಂಬರಿ ತೀರ್ಪು ಕೊಡುವುದಿಲ್ಲ.

ಇತಿಹಾಸದ ಅಭ್ಯಾಸಿಗಳು ವಿಶೇಷವಾಗಿ ಗಮನಿಸಬೇಕಾದ ಎರಡು ಸಂಗತಿಗಳಿವೆ. ಮೊದಲನೆಯದು, ಹಿಂದೆ ಕ್ಷಕಿರಣದಿಂದ ಗುಣವಾದರೆಂದು ದಾಖಲೆಯಾದವರು ವರ್ಷಗಳ ಮೇಲೆ ಆ ಕಿರಣದಿಂದಲೇ ಉಂಟಾದ ಹಾನಿಯನ್ನು ಹೊತ್ತು ಮರಳಿ ಬರುವುದು. ಮುಗಿದ ಅಧ್ಯಾಯವೆಂದು ದೊಂತ್ಸೋವಾ ತಿಳಿದಿದ್ದುದು ಹೀಗೆ ಮತ್ತೆ ತೆರೆದುಕೊಳ್ಳುತ್ತದೆ. ಕೊನೆಗೆ ಆಕೆಯೂ ರೋಗಿಯಾಗುತ್ತಾಳೆ. ಎರಡನೆಯದು, ಪ್ರೋಷ್ಕಾ ಎಂಬ ಯುವಕನ ಬಿಡುಗಡೆಯ ಪತ್ರ. ಶಸ್ತ್ರಚಿಕಿತ್ಸೆ ಬೇಕಿಲ್ಲವೆಂದು ಅವನು ಹಿಗ್ಗುತ್ತಾನೆ; ಪತ್ರದಲ್ಲಿರುವುದಾದರೋ ಗೆಡ್ಡೆ ಹೃದಯದಲ್ಲಿದೆ, ಶಸ್ತ್ರಕ್ಕೆ ನಿಲುಕದು ಎಂಬರ್ಥದ ಲ್ಯಾಟಿನ್ ಮಾತು. ದಾಖಲೆ ಸತ್ಯವನ್ನೇ ನುಡಿಯುತ್ತದೆ, ಆದರೆ ಅದು ಯಾರ ಬಾಳನ್ನು ಕುರಿತದ್ದೋ ಅವನಿಗೆ ತಿಳಿಯದ ಭಾಷೆಯಲ್ಲಿ. ಆಸ್ಪತ್ರೆಯಿಂದ ಬಿಡುಗಡೆಯಾದವರ ಪಟ್ಟಿಯನ್ನು ಗುಣವಾದವರ ಪಟ್ಟಿಯೆಂದು ಎಣಿಸುವ ಸಂಶೋಧಕನಿಗೆ ಇದಕ್ಕಿಂತ ಸ್ಪಷ್ಟವಾದ ಎಚ್ಚರಿಕೆ ಬೇಕಿಲ್ಲ.

ಕೊನೆಯಲ್ಲಿ ಕೋಸ್ತೋಗ್ಲೋತೊವನೂ ಹೊರಬೀಳುತ್ತಾನೆ. ಹೂಬಿಟ್ಟ ಏಪ್ರಿಕಾಟ್ ಮರವನ್ನು ಕಣ್ತುಂಬ ನೋಡುತ್ತಾನೆ, ಬೀದಿಯಲ್ಲಿ ಸುಟ್ಟ ಮಾಂಸವನ್ನು ಚಪ್ಪರಿಸುತ್ತಾನೆ, ಮೃಗಾಲಯದಲ್ಲಿ ಅಲೆಯುತ್ತಾನೆ. ಈ ಸಂತೋಷ ನಿಜವಾದುದು. ಆದರೆ ಅದು ಗುಣವಾದವನ ಸಂತೋಷವಲ್ಲ, ಗಡುವು ತಿಳಿಯದ ಸಾಲವಾಗಿ ದಿನವೊಂದನ್ನು ಪಡೆದವನ ಸಂತೋಷ. ತನ್ನನ್ನು ಮನೆಗೆ ಕರೆದಿದ್ದ ಇಬ್ಬರು ಸ್ತ್ರೀಯರಲ್ಲಿ ಯಾರ ಆಶ್ರಯವನ್ನೂ ಸೇರದೆ ಅವನು ರೈಲು ಹತ್ತುತ್ತಾನೆ. ಮುಂದೇನಾಯಿತೆಂದು ಲೇಖಕರು ತಿಳಿಸುವುದಿಲ್ಲ.

ಕೃತಿ ನಿರ್ದೋಷವೇನೂ ಅಲ್ಲ. ರುಸಾನೊವನು ಹಲವೆಡೆ ವ್ಯಂಗ್ಯಚಿತ್ರವಾಗುತ್ತಾನೆ. ಅವನ ಭೀತಿಗೆ ದೊರೆಯಬೇಕಾದ ಸಹಾನುಭೂತಿ ರಾಜಕೀಯದ ಕೋಪದಲ್ಲಿ ಕರಗುತ್ತದೆ. ಶುಲೂಬಿನ್ನನ ದೀರ್ಘ ಭಾಷಣಗಳು ಕಥೆಯ ನಡೆಯನ್ನು ತಡೆಯುತ್ತವೆ. ಸ್ತನವನ್ನು ಕಳೆದುಕೊಳ್ಳಲಿರುವ ತರುಣಿ ಅಸ್ಯಾಳ ದುಃಖ ಬಹುಮಟ್ಟಿಗೆ ಬಾಲಕ ದ್ಯೋಮಾನ ಕಣ್ಣಿನಿಂದಲೇ ಕಾಣುತ್ತದೆ. ಮಹಿಳಾ ವಾರ್ಡಿನ ಕಥೆ ಇಲ್ಲಿ ಬರೆಯದೆ ಉಳಿದಿದೆ. ಒಟ್ಟಿನಲ್ಲಿ, ಸಂಕೇತವು ಮೇಲುಗೈ ಪಡೆದಲ್ಲಿ ಕೃತಿ ಸೊರಗುತ್ತದೆ. ರೋಗವು ರೋಗವಾಗಿಯೇ ನಿಂತಲ್ಲಿ ಪುಷ್ಟವಾಗುತ್ತದೆ.

ಸ್ವತಃ ಕ್ಯಾನ್ಸರಿಗೆ ಚಿಕಿತ್ಸೆ ಪಡೆದಿದ್ದ ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್ ಅವರು 1978ರ ತಮ್ಮ ಗ್ರಂಥದಲ್ಲಿ, ರೋಗಕ್ಕೆ ಅಂಟಿಸುವ ರೂಪಕಗಳು ರೋಗಿಯ ಹೊರೆಯನ್ನು ಹೆಚ್ಚಿಸುತ್ತವೆಂದು ವಾದಿಸಿದರು. ಇತಿಹಾಸಕಾರನಿಗೂ ಆ ರೂಪಕಗಳಿಂದ ನಷ್ಟವಿದೆಯೆಂದು ನಾವು ಸೇರಿಸಬಯಸುತ್ತೇವೆ. ಯುದ್ಧ, ಜಯ, ಸೋಲು ಎಂಬ ಮಾತುಗಳಿಗೆ ತಾರೀಖು ಹಚ್ಚಬಹುದು. ಮುಂದಿನ ತಪಾಸಣೆಗಾಗಿ ಕಾಯುವ ತಿಂಗಳುಗಳಿಗೆ ಹಚ್ಚಲಾಗದು. ಚಿಕಿತ್ಸೆ ಬಹಳ ಮುಂದುವರಿದಿರುವ ಇಂದಿಗೂ ಆ ಕಾಯುವಿಕೆ ತಪ್ಪಿಲ್ಲ. ‘ಮೊದಲು’, ‘ಅನಂತರ’ ಎಂದು ಕಾಲವನ್ನು ಸೀಳಿ ಪಾಠ ಹೇಳುವ ನಮ್ಮ ಶಾಸ್ತ್ರವು ಈ ನಡುವಣ ಕಾಲಕ್ಕೂ ಒಂದು ಅಧ್ಯಾಯವನ್ನು ಮೀಸಲಿಡಬೇಕು. ಅದನ್ನು ಬರೆಯುವ ಕ್ರಮವನ್ನು ಕಲಿಯಲು ಈ ಕಾದಂಬರಿ ತಕ್ಕ ಪಠ್ಯ.