ರೆಕಾರ್ಡಿಂಗ್ ನಿಂತದ್ದು ಎಷ್ಟು ಹೊತ್ತಿಗೆ?

ಕಛೇರಿಯಲ್ಲಿ ತನಿ ಆವರ್ತನ ಕಾವೇರುವಾಗಲೇ ಮಿರರ್‌ಲೆಸ್ ಕ್ಯಾಮೆರಾ ತಾನಾಗಿ ರೆಕಾರ್ಡಿಂಗ್ ನಿಲ್ಲಿಸಿದರೆ ಎಲ್ಲರೂ ಬೈಯುವುದು ಮೆಮೊರಿ ಕಾರ್ಡನ್ನು. ನಾನು ಮೊದಲು ಕೇಳುವುದು, ಶುರುವಾದ ಎಷ್ಟು ಹೊತ್ತಿಗೆ ನಿಂತಿತು ಎಂದು.

29 ನಿಮಿಷ 59 ಸೆಕೆಂಡಿಗೆ ನಿಂತಿದ್ದರೆ ಕಾರ್ಡು ನಿರಪರಾಧಿ. ಅದು ಯುರೋಪಿನ ಸುಂಕದ ಲೆಕ್ಕ. ಅರ್ಧ ಗಂಟೆ ಎಡೆಬಿಡದೆ ಒಳ್ಳೆಯ ಗುಣಮಟ್ಟದ ವಿಡಿಯೊ ಹಿಡಿಯಬಲ್ಲ ಸಾಧನವನ್ನು ಯುರೋಪಿಯನ್ ಒಕ್ಕೂಟ ವಿಡಿಯೊ ಕ್ಯಾಮೆರಾಗಳ ಸಾಲಿಗೆ ಸೇರಿಸುತ್ತಿತ್ತು. ಸ್ಟಿಲ್ ಕ್ಯಾಮೆರಾಕ್ಕಿಲ್ಲದ ಆಮದು ಸುಂಕ ಅದಕ್ಕಿತ್ತು. ತಯಾರಕರು ಒಂದು ಸೆಕೆಂಡ್ ಮೊದಲೇ ನಿಲ್ಲಿಸಿ ಸುಂಕದಿಂದ ಪಾರಾದರು. ಹಲವು ಕಂಪನಿಗಳು ಬೇರೆ ದೇಶಗಳಿಗೆ ಕಳಿಸುವ ಕ್ಯಾಮೆರಾಗಳಲ್ಲೂ ಅದನ್ನು ಹಾಗೇ ಉಳಿಸಿದ್ದರಿಂದ, ಬೆಂಗಳೂರಿನ ರಾಮನವಮಿ ಪೆಂಡಾಲಿನಲ್ಲಿ ಟ್ರೈಪಾಡ್ ಹೂಡಿದವರಿಗೂ ಆ ಕತ್ತರಿ ತಪ್ಪಲಿಲ್ಲ. ಸಂಗೀತ ಚಿತ್ರಿಸುವವರ ಮಟ್ಟಿಗೆ ಇದು ದೊಡ್ಡ ಅನ್ಯಾಯವೇ. 2017ರ ಪ್ಯಾನಸೋನಿಕ್ ಜಿಎಚ್5, 2020ರ ಸೋನಿ ಎ7ಎಸ್ 3 ಈ ಮಿತಿಯಿಲ್ಲದೆ ಬಂದವು. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಳ್ಳುವವರು ಬೆಲೆಗಿಂತ ಮೊದಲು ಇದನ್ನು ವಿಚಾರಿಸಬೇಕು.

ಹೊತ್ತುಗೊತ್ತಿಲ್ಲದೆ ನಿಂತು, ಕ್ಯಾಮೆರಾದ ಮೈ ಸುಡುತ್ತಿದ್ದರೆ ಸೆಖೆಯೇ ಕಾರಣ. ಮಡಚುವ ಸ್ಕ್ರೀನನ್ನು ಹಿಂಬದಿಯಿಂದ ಬಿಡಿಸಿ ಹೊರಕ್ಕೆ ತಿರುಗಿಸಿಟ್ಟರೆ ಸ್ವಲ್ಪ ಉಸಿರಾಡುತ್ತದೆ.

ಕೆಲವೇ ಸೆಕೆಂಡುಗಳಲ್ಲಿ ನಿಂತರೆ ಮಾತ್ರ ಕಾರ್ಡನ್ನು ಶಂಕಿಸಿ. ಕಾರ್ಡಿನ ಮೇಲೆ ದೊಡ್ಡದಾಗಿ ಅಚ್ಚಾದ 170, 200 ಮುಂತಾದ ಅಂಕಿ ಸಾಮಾನ್ಯವಾಗಿ ಓದುವ ವೇಗ, ಅದೂ ಗರಿಷ್ಠ. ವಿಡಿಯೊಗೆ ಬೇಕಾದದ್ದು ಎಂದೂ ಕುಸಿಯದ ಬರೆಯುವ ವೇಗ. ಅದನ್ನು ಹೇಳುವುದು ವಿ30, ವಿ60, ವಿ90 ಎಂಬ ಪುಟ್ಟ ಗುರುತು: ಸೆಕೆಂಡಿಗೆ ಕನಿಷ್ಠ 30, 60, 90 ಮೆಗಾಬೈಟ್. ಕ್ಯಾಮೆರಾದ ಮೆನುವಿನಲ್ಲಿರುವುದು ಮೆಗಾಬಿಟ್. ಎಂಟರಿಂದ ಭಾಗಿಸಿ ನೋಡಿ. 100 ಮೆಗಾಬಿಟ್‌ನ 4ಕೆ ಕೇಳುವುದು ಸೆಕೆಂಡಿಗೆ 12.5 ಮೆಗಾಬೈಟ್ ಅಷ್ಟೇ, ವಿ30 ಧಾರಾಳವಾಗಿ ಸಾಕು. ಜಿಎಚ್5ರ 400 ಮೆಗಾಬಿಟ್‌ಗೆ 50 ಮೆಗಾಬೈಟ್ ಬೇಕು. ಅಲ್ಲಿ ವಿ60 ಇಲ್ಲದೆ ನಡೆಯದು. ಮೊದಲನೆಯ ಕೆಲಸಕ್ಕೆ ದುಬಾರಿ ವಿ90 ಕೊಳ್ಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಆ ದುಡ್ಡಿನಲ್ಲಿ ಇನ್ನೊಂದು ವಿ30 ಕಾರ್ಡು ತನ್ನಿ. 100 ಮೆಗಾಬಿಟ್‌ನಲ್ಲಿ ಗಂಟೆಗೆ 45 ಜಿಬಿ ತುಂಬುತ್ತದೆ. ಮೂರು ಗಂಟೆಯ ಕಛೇರಿಗೆ ಒಂದೇ 128 ಜಿಬಿ ಕಾರ್ಡು ಇಟ್ಟುಕೊಂಡರೆ ಮಂಗಳ ಕೈತಪ್ಪುತ್ತದೆ.